ಅನಾಮತ್ತು ಖಾತೆಯ ಮುಖಗಳು

(ಶುಐಬಾದಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಸಮಾವೇಶದ ದಿಕ್ಸೂಚಿ ಭಾಷಣದ ಲಿಖಿತ ರೂಪ)



ಚಿತ್ರಕಲೆಯ ಬಗ್ಗೆ ಮಾತನಾಡಲು ನೀವು ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಕರೆದಿದ್ದೀರಿ. ಕಾರ್ಯದರ್ಶಿಗಳು ಫೋನ್ ಮಾಡಿದಾಗ, "ನನಗೆ ಗೊತ್ತಿರುವ ಬಣ್ಣ ಎರಡೇ ಸ್ವಾಮಿ, ಲೆಡ್ಜರಿನ ನೀಲಿ ಮತ್ತು ಕೆಂಪು" ಎಂದೆ. ಅವರು ಬಿಡಲಿಲ್ಲ. "ಹೋದ ಸಲ ಊಟದ ಹೊತ್ತಿನಲ್ಲಿ ನಮಗೆ ಹೇಳಿದಿರಲ್ಲ, ಅದನ್ನೇ ಎಲ್ಲರಿಗೂ ಹೇಳಿ ಸಾಕು" ಎಂದರು. ಹಾಗಾಗಿ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ವಿಷಯ ಇದು. ತಾವು ತೆಗೆಯದ, ಬೇರೆ ಯಾರೋ ತೆಗೆದ ಫೋಟೊಗಳನ್ನು ಪತ್ರಿಕೆಯಿಂದಲೋ, ಗುಜರಿ ಅಂಗಡಿಯಿಂದಲೋ, ಇಂಟರ್‌ನೆಟ್ಟಿನಿಂದಲೋ ಎತ್ತಿಕೊಂಡು, ಅವುಗಳನ್ನು ನೋಡಿ ಚಿತ್ರ ಬರೆದು ಪ್ರದರ್ಶನ ಮಾಡುವ ಕಲಾವಿದರಿದ್ದಾರೆ. ಅಂಥ ಫೋಟೊವನ್ನು ನಾನು 'ಸಿಕ್ಕ ಫೋಟೊ' ಎಂದು ಕರೆಯುತ್ತೇನೆ. ಇದು ಕಲೆಯೋ, ಕಳವೋ? ಬೆಳಗ್ಗೆ ಐದಕ್ಕೆ ಬಸ್ಸು ಹತ್ತಿ ಸೈಟಿಗೆ ಹೋಗುವ ನಮಗೆ ಇದರಿಂದ ಆಗಬೇಕಾದ್ದೇನು? ಇವೆರಡಕ್ಕೂ ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸಬೇಕು.

ಒಂದು ದಿನಾರಿನ ಕ್ಯಾಮೆರಾ

ಕೆಲವು ವರ್ಷಗಳ ಹಿಂದಿನ ಮಾತು. ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತು. ಇಲ್ಲೇ ಶುಐಬಾದ ಯಾರ್ಡಿನ ಸ್ಟೋರಿನಲ್ಲಿ ಕುಳಿತು ಗುಜರಿಗೆ ಹಾಕಬೇಕಾದ ಸಾಮಾನಿನ ಪಟ್ಟಿಯನ್ನು ತಾಳೆ ನೋಡುತ್ತಿದ್ದೆ. ಆರು ಹಳೆಯ ಫೋನು, ಎರಡು ಲ್ಯಾಪ್‌ಟಾಪು, ಕೆಲಸದ ಪ್ರಗತಿ ತೋರಿಸಲೆಂದು ಸೈಟಿಗೆ ಕೊಟ್ಟಿದ್ದ ಒಂದು ಡಿಜಿಟಲ್ ಕ್ಯಾಮೆರಾ. ಪುಸ್ತಕದಲ್ಲಿ ಆ ಕ್ಯಾಮೆರಾದ ಬೆಲೆ ಒಂದು ದಿನಾರ್. ಸವಕಳಿಯೆಲ್ಲ ಕಳೆದ ಮೇಲೂ ವಸ್ತು ಕೈಯಲ್ಲಿದೆ ಎಂಬ ನೆನಪಿಗಾಗಿ ನಾವು ಉಳಿಸಿಕೊಳ್ಳುವ ಬೆಲೆ ಅದು.

ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಇತ್ತು. ಲ್ಯಾಪ್‌ಟಾಪಿಗೆ ಹಾಕಿದೆ. 412 ಫೋಟೊಗಳು. ಹೆಚ್ಚಿನವು ಟ್ಯಾಂಕಿನ ವೆಲ್ಡಿಂಗು, ಪೈಪಿನ ಜೋಡಣೆ, ಅಳತೆ ಪಟ್ಟಿ ಹಿಡಿದ ಕೈ. ನಡುನಡುವೆ ಬೇರೆಯವು. ರಟ್ಟಿನ ಡಬ್ಬದ ಮೇಲೆ ಇಟ್ಟ ಕೇಕು, ಸುತ್ತ ಆರು ಜನ. ಹಗ್ಗದ ಮೇಲೆ ಒಣಗುತ್ತಿದ್ದ ಲುಂಗಿಗಳು. ಯಾರದೋ ಹೊಸ ಶೂ. ಫೋನಿನ ಪರದೆಯ ಮೇಲಿದ್ದ ಒಂದು ಮಗುವಿನ ಮುಖವನ್ನು ಈ ಕ್ಯಾಮೆರಾದಿಂದ ಮತ್ತೆ ತೆಗೆದಿದ್ದರು. ಬೇಲಿಗೆ ಒರಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಅರ್ಧ ನಕ್ಕ ಒಬ್ಬ ಮನುಷ್ಯ. ಒಂದರ ಕೆಳಗೂ ಹೆಸರಿಲ್ಲ. ಕ್ಯಾಮೆರಾದ ಗಡಿಯಾರವನ್ನು ಯಾರೂ ಸರಿಹೊಂದಿಸಿರಲಿಲ್ಲವಾದ್ದರಿಂದ ತಾರೀಕುಗಳನ್ನೂ ನಂಬುವಂತಿರಲಿಲ್ಲ.

ಸ್ಟೋರ್‌ಕೀಪರನ್ನು ಕೇಳಿದೆ. ಸೂಪರ್‌ವೈಸರನ್ನು ಕೇಳಿದೆ. "ಆ ಗ್ಯಾಂಗಿನವರೆಲ್ಲ ಪ್ರಾಜೆಕ್ಟ್ ಮುಗಿದು ಊರಿಗೆ ಹೋದರು ಸರ್" ಎಂದರು. ಎರಡು ದಿನ ಕಾದೆ. ಗುಜರಿಗೆ ಹೋಗುವ ಯಾವುದೇ ಯಂತ್ರದಲ್ಲಿ ಮಾಹಿತಿ ಉಳಿಯಬಾರದು ಎಂಬುದು ನಿಯಮ. ಮೂರನೇ ದಿನ ಕಾರ್ಡನ್ನು ಅಳಿಸಿ, ಅಳಿಸಿದ್ದೇನೆ ಎಂದು ಸಹಿ ಹಾಕಿದೆ. ಲೆಕ್ಕ ಸರಿಯಾಯಿತು.

ಮುಂದಿನ ವರ್ಷ ನಮ್ಮ ಸಂಘದ ಮೂಲಕ ನನಗೆ ಒಂದು ಸಂದೇಶ ಬಂತು. ಕೊಪ್ಪಳದ ಕಡೆಯ ಒಬ್ಬ ಹೆಣ್ಣುಮಗಳದು. ಆಕೆಯ ಗಂಡ ಶುಐಬಾದಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಮರಳಿ, ಅಲ್ಲಿ ತೀರಿಕೊಂಡಿದ್ದರು. ಅವರ ಫೋನು ಎಲ್ಲೋ ಕಳೆದುಹೋಗಿತ್ತು. "ಪಾಸ್‌ಪೋರ್ಟ್ ಫೋಟೊ ಬಿಟ್ಟರೆ ನಮ್ಮ ಹತ್ತಿರ ಏನೂ ಇಲ್ಲರಿ. ಅಲ್ಲಿ ತೆಗೆದದ್ದು ಯಾವುದಾದರೂ ಇದ್ದರೆ ಕೊಡ್ರಿ" ಎಂದು ಕೇಳಿದ್ದರು. ವರ್ಷಗಳನ್ನು ಹೊಂದಿಸಿ ನೋಡಿದೆ. ಅದೇ ಯಾರ್ಡು, ಅದೇ ಗ್ಯಾಂಗಿನ ಕಾಲ. ಆಕೆ ಕಳಿಸಿದ ಪಾಸ್‌ಪೋರ್ಟ್ ಫೋಟೊವನ್ನು ಎಷ್ಟು ಹೊತ್ತು ನೋಡಿದರೂ ಬೇಲಿಗೆ ಒರಗಿ ನಕ್ಕವನ ಮುಖ ಇದೇ ಹೌದೋ ಅಲ್ಲವೋ ಎಂದು ಗೊತ್ತಾಗಲಿಲ್ಲ. ಪಾಸ್‌ಪೋರ್ಟ್ ಫೋಟೊದಲ್ಲಿ ಯಾರೂ ನಗುವುದಿಲ್ಲವಲ್ಲ.

ಇನ್ನೊಬ್ಬರ ಫೋಟೊ ನಮ್ಮ ಕೈಗೆ ಸಿಕ್ಕರೆ ಅದಕ್ಕೆ ನಾವು ಏನನ್ನು ಬಾಕಿ ಇದ್ದೇವೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಹುಡುಕಿದೆ. ಕೊನೆಗೆ ಇದೇ ಪ್ರಶ್ನೆಯನ್ನು ಅರುವತ್ತು ವರ್ಷಗಳಿಂದ ಜಗ್ಗಾಡುತ್ತಿರುವವರು ಚಿತ್ರಕಾರರು ಎಂದು ತಿಳಿಯಿತು.

ಫೋಟೊ ನೋಡಿ ಚಿತ್ರ ಬರೆಯುವುದೇಕೆ?

ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಹುಟ್ಟಿದ್ದು 1932ರಲ್ಲಿ, ಡ್ರೆಸ್ಡೆನ್ ನಗರದಲ್ಲಿ. 1961ರಲ್ಲಿ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಬಂದವರು. ಅಂದರೆ ಅವರೂ ಊರು ಬಿಟ್ಟವರೇ. ಮರುವರ್ಷದಿಂದ ಅವರು ಪತ್ರಿಕೆಗಳ ಫೋಟೊ, ಜಾಹೀರಾತಿನ ಫೋಟೊ, ಮನೆಯ ಆಲ್ಬಮ್ಮಿನ ಫೋಟೊಗಳನ್ನು ನೋಡಿ ತೈಲವರ್ಣದಲ್ಲಿ ಬರೆಯಲು ಶುರು ಮಾಡಿದರು. ಮೊದಲು ಫೋಟೊ ಇದ್ದ ಹಾಗೆಯೇ ಬರೆಯುವುದು. ಬಣ್ಣ ಒಣಗುವ ಮುಂಚೆ ಒಣ ಕುಂಚವನ್ನು ಅದರ ಮೇಲೆ ಮೆಲ್ಲಗೆ ಎಳೆಯುವುದು. ಅಂಚುಗಳೆಲ್ಲ ಕಲಸಿಹೋಗಿ, ಓಡುವ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ ಚಿತ್ರ ಮಸುಕಾಗುತ್ತದೆ.

1965ರ ಅವರ ಒಂದು ಚಿತ್ರದ ಹೆಸರು 'ಮರಿಯಾನೆ ಚಿಕ್ಕಮ್ಮ'. ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಒಂದು ಕೂಸು. ಆ ಕೂಸು ರಿಕ್ಟರ್ ಅವರೇ. ಆ ಹುಡುಗಿಗೆ ಮುಂದೆ ಮನೋರೋಗ ಎಂದು ಹೇಳಿ, ನಾಜಿಗಳ ಕಾಲದಲ್ಲಿ ಬಲವಂತದ ಸಂತಾನಹರಣ ಮಾಡಿ, 1945ರಲ್ಲಿ ಆಸ್ಪತ್ರೆಯಲ್ಲೇ ಸಾಯಿಸಿದರು. ಫೋಟೊದಲ್ಲಿ ಇದಾವುದೂ ಇಲ್ಲ. ಅಲ್ಲಿರುವುದು ಒಂದು ಸುಖದ ಮಧ್ಯಾಹ್ನ ಅಷ್ಟೇ. ಚಿತ್ರದ ಮಸುಕು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಸ್ಪಷ್ಟ ಕಾಣದ್ದನ್ನು ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಯಾರಿವಳು ಎಂದು ಕೇಳುತ್ತೇವೆ.

ಇದು ಮೊದಲ ಉತ್ತರ. ಫೋಟೊ ತೆಗೆಯಲು ಒಂದು ಕ್ಷಣ ಸಾಕು, ನೋಡಿ ಮರೆಯಲು ಇನ್ನೊಂದು ಕ್ಷಣ. ಚಿತ್ರಕಾರ ಅದೇ ಮುಖದ ಮುಂದೆ ವಾರಗಟ್ಟಲೆ ಕೂರುತ್ತಾನೆ. ಅವನು ಆ ಫೋಟೊಕ್ಕೆ ಕೊಡುವುದು ಸಮಯವನ್ನು. ನಾನು ನನ್ನ 412 ಫೋಟೊಗಳಿಗೆ ಕೊಟ್ಟದ್ದು ಎರಡು ದಿನ, ಅದೂ ಊಟದ ಬಿಡುವಿನಲ್ಲಿ.

ಡಿಜಿಟಲ್ ಆದ ಮೇಲೆ

ರಿಕ್ಟರ್ ಶುರು ಮಾಡಿದಾಗ ಫೋಟೊ ಅಂದರೆ ಕಾಗದ. ಹಿಂದೆ ತಿರುಗಿಸಿದರೆ ಸ್ಟುಡಿಯೋದ ಮುದ್ರೆ ಇರುತ್ತಿತ್ತು, ಕೆಲವೊಮ್ಮೆ ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಕೂಡ. ಈಗ ಫೋಟೊ ಅಂದರೆ ಫೈಲು, ಅದಕ್ಕೆ ಹಿಂಬದಿ ಇಲ್ಲ. ಎಷ್ಟು ಫೈಲು ಎಂದು ತೋರಿಸಲು 2011ರಲ್ಲಿ ಎರಿಕ್ ಕೆಸಲ್ಸ್ ಎಂಬ ಡಚ್ ಕಲಾವಿದ ಆಮ್‌ಸ್ಟರ್‌ಡ್ಯಾಮಿನ ಫೋಮ್ ಮ್ಯೂಸಿಯಮ್ಮಿನಲ್ಲಿ ಒಂದು ಪ್ರದರ್ಶನ ಮಾಡಿದರು. ಫ್ಲಿಕರ್ ಎಂಬ ತಾಣಕ್ಕೆ ಜನ ಒಂದೇ ದಿನದಲ್ಲಿ ಏರಿಸಿದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಕೋಣೆಗಳಲ್ಲಿ ಸುರಿದರು. ಕಣದಲ್ಲಿ ರಾಶಿ ಹಾಕಿದ ಜೋಳದಂತೆ ಗೋಡೆಯ ಎತ್ತರಕ್ಕೆ ಫೋಟೊ. ನೋಡಲು ಬಂದವರು ಅದರ ಮೇಲೆಯೇ ನಡೆದಾಡಿದರು.

ಆ ರಾಶಿಯಿಂದ ಒಂದನ್ನು ಎತ್ತಿ ಚಿತ್ರ ಬರೆಯುವುದು ಹೇಗಿರುತ್ತದೆ? ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಚಿತ್ರಕಾರ ಡ್ಯಾನ್ ಹೇಸ್ ಅವರದು. ಹುಟ್ಟಿದ್ದು 1966ರಲ್ಲಿ. 1997ರಲ್ಲಿ ಬ್ರಿಟನ್ನಿನ ದೊಡ್ಡ ಚಿತ್ರಕಲಾ ಬಹುಮಾನಗಳಲ್ಲಿ ಒಂದಾದ ಜಾನ್ ಮೂರ್ಸ್ ಬಹುಮಾನ ಪಡೆದವರು. ಇಂಟರ್‌ನೆಟ್ಟಿನಲ್ಲಿ ಅವರಿಗೆ ಅಮೆರಿಕದ ಕೊಲರಾಡೊದಲ್ಲಿ ವಾಸಿಸುವ ಇನ್ನೊಬ್ಬ ಡ್ಯಾನ್ ಹೇಸ್ ಸಿಕ್ಕರು! ಆತನ ವೆಬ್‌ಸೈಟಿನಲ್ಲಿ ಅಲ್ಲಿಯ ಬೆಟ್ಟಗುಡ್ಡಗಳ ಫೋಟೊಗಳಿದ್ದವು. ಹಳೆಯ ಕಾಲದ ಇಂಟರ್‌ನೆಟ್, ಸಣ್ಣ ಫೈಲು, ಕಳಪೆ ಗುಣಮಟ್ಟ. ಇಂಗ್ಲೆಂಡಿನ ಹೇಸ್ ಆ ಫೋಟೊಗಳನ್ನು ನೋಡಿ 'ಕೊಲರಾಡೊ ಇಂಪ್ರೆಶನ್' ಎಂಬ ತೈಲಚಿತ್ರಗಳ ಸರಣಿಯನ್ನೇ ಬರೆದರು.

ಅವರು ಬರೆದದ್ದು ಏನನ್ನು ಎಂದು ಸ್ವಲ್ಪ ವಿವರಿಸಬೇಕು. ನಮ್ಮ ಫೋನಿನ ಫೋಟೊಗಳು ಸಾಮಾನ್ಯವಾಗಿ ಜೆಪೆಗ್ ಎಂಬ ಬಗೆಯವು. ಇದರಲ್ಲಿ ಚಿತ್ರವನ್ನು ಅಗಲಕ್ಕೆ ಎಂಟು, ಎತ್ತರಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಕೈಬಿಟ್ಟು ಫೈಲನ್ನು ಹಗುರ ಮಾಡುತ್ತಾರೆ. ನಾವು ಬ್ಯಾಲೆನ್ಸ್ ಶೀಟಿನಲ್ಲಿ ಫಿಲ್ಸ್ ಬಿಟ್ಟು ದಿನಾರಿಗೆ ಸರಿಹೊಂದಿಸುವುದಿಲ್ಲವೇ, ಹಾಗೆ. ತೀರಾ ಹೆಚ್ಚು ಬಿಟ್ಟರೆ ಚೌಕಗಳ ಅಂಚುಗಳೇ ಕಾಣಿಸಿಕೊಂಡು ಆಕಾಶವೆಲ್ಲ ಹೆಂಚು ಹೊದಿಸಿದಂತೆ ಆಗುತ್ತದೆ. ನೂರು ಕಡೆ ಫಾರ್ವರ್ಡ್ ಆಗಿ ಬಂದ ಫೋಟೊದಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಹೇಸ್ ಆ ಚೌಕಗಳನ್ನೂ, ಆ ಕೆಟ್ಟ ಬಣ್ಣವನ್ನೂ ಬಿಡದೆ ಕುಂಚದಲ್ಲಿ ಬರೆದರು. ಹತ್ತಿರ ಹೋದರೆ ಬರೀ ಬಣ್ಣದ ತುಣುಕು, ಹಿಂದೆ ಸರಿದರೆ ಬೆಟ್ಟ. ಯಂತ್ರ ಬೇಡವೆಂದು ಎಸೆದ ಜಾಗದಲ್ಲಿ ಒಬ್ಬ ಮನುಷ್ಯ ಕುಳಿತು ಬಣ್ಣ ತುಂಬಿದ.

ಆದರೆ ಲೆಕ್ಕದವನಾದ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಆ ಸರಣಿಯ ಚಿತ್ರದ ಹೆಸರು ಹೀಗಿದೆ: 'ಕೊಲರಾಡೊ ಇಂಪ್ರೆಶನ್ 11ಬಿ (ಕೊಲರಾಡೊದ ಡ್ಯಾನ್ ಹೇಸ್ ಅವರನ್ನು ಅನುಸರಿಸಿ)'. ಕ್ರಮಸಂಖ್ಯೆ ಇದೆ, ಮೂಲ ಇದೆ. ನಮ್ಮ ಭಾಷೆಯಲ್ಲಿ ಇದು ವೋಚರ್ ನಂಬರ್ ಹಾಕಿದ ಎಂಟ್ರಿ. ಯಾರಿಂದ ಬಂತು ಎಂಬುದು ಚಿತ್ರದ ಹೆಸರಿನಲ್ಲೇ ಸೇರಿಹೋಗಿದೆ. ಚಿತ್ರ ಎಲ್ಲಿಗೆ ಹೋದರೂ ಸಾಲ ಜೊತೆಗೇ ಹೋಗುತ್ತದೆ.

ವೋಚರ್ ಇಲ್ಲದ ಎಂಟ್ರಿಗಳು

ಎಲ್ಲರೂ ಹೀಗೆ ಮಾಡಲಿಲ್ಲ. ನಮ್ಮ ಕುವೈತಿಗೂ ಸಂಬಂಧವಿರುವ ಒಂದು ಹೆಸರು ಆಂಡಿ ವಾರ್ಹಾಲ್ ಅವರದು. 1977ರ ಜನವರಿಯಲ್ಲಿ ಅವರು ತಮ್ಮ ಪ್ರದರ್ಶನಕ್ಕಾಗಿ ಕುವೈತಿಗೆ ಬಂದಿದ್ದರು. 1969ರಲ್ಲಿ ಆರಂಭವಾದ ಇಲ್ಲಿಯ ಸುಲ್ತಾನ್ ಗ್ಯಾಲರಿಯವರು ಅದರ ಹಿಂದೆ ಇದ್ದರು. 1968ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿದ ನಮ್ಮ ಶುಐಬಾ ರಿಫೈನರಿಗೆ ಆಗ ಸುಮಾರು ಒಂಬತ್ತು ವರ್ಷ.

ವಾರ್ಹಾಲ್ ಅವರ ಕೆಲಸದ ಬುನಾದಿಯೇ ಸಿಕ್ಕ ಫೋಟೊ. ಪತ್ರಿಕೆಯ ಫೋಟೊವನ್ನು ರೇಷ್ಮೆ ಪರದೆಯ ಮೂಲಕ ಕ್ಯಾನ್ವಾಸಿಗೆ ಇಳಿಸಿ ಬಣ್ಣ ಹಚ್ಚುವುದು. 1964ರ ಅವರ 'ಹೂಗಳು' ಸರಣಿಗೆ ಮೂಲ ಒಂದು ಪತ್ರಿಕೆಯಲ್ಲಿ ಬಂದಿದ್ದ ದಾಸವಾಳದ ಫೋಟೊ. ತೆಗೆದವರು ಪ್ಯಾಟ್ರಿಷಿಯಾ ಕಾಲ್‌ಫೀಲ್ಡ್. ಅವರನ್ನು ಯಾರೂ ಕೇಳಿರಲಿಲ್ಲ. 1966ರಲ್ಲಿ ಅವರು ದಾವೆ ಹೂಡಿದರು, ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಪ್ರಕರಣದ ಅಂಕಿಗಳನ್ನು ಕೇಳಿ. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಫೋಟೊ ತೆಗೆದರು. 1984ರಲ್ಲಿ ಒಂದು ಪತ್ರಿಕೆ ಅದನ್ನು ಒಂದೇ ಒಂದು ಸಲ ಚಿತ್ರಕ್ಕೆ ಆಧಾರವಾಗಿ ಬಳಸಲು 400 ಡಾಲರ್ ಕೊಟ್ಟಿತು. ವಾರ್ಹಾಲ್ ಅದರಿಂದ ಒಂದರ ಬದಲು ಹದಿನಾರು ಕೃತಿ ಮಾಡಿಟ್ಟರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದು ಪತ್ರಿಕೆಯ ಮುಖಪುಟಕ್ಕೆ ಬಂತು. ಆಗ ವಾರ್ಹಾಲ್ ಪ್ರತಿಷ್ಠಾನಕ್ಕೆ ಸಂದದ್ದು 10,000 ಡಾಲರ್. ಗೋಲ್ಡ್‌ಸ್ಮಿತ್ ಅವರಿಗೆ ಸೊನ್ನೆ, ಹೆಸರೂ ಇಲ್ಲ. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಆ ಬಳಕೆಯ ಮಟ್ಟಿಗೆ ಗೋಲ್ಡ್‌ಸ್ಮಿತ್ ಪರ ತೀರ್ಪು ಕೊಟ್ಟಿತು. ಫೋಟೊವೂ ಪತ್ರಿಕೆಗೆ ಮಾರಾಟವಾಗುತ್ತಿತ್ತು, ಅದರಿಂದ ಮಾಡಿದ ಚಿತ್ರವೂ ಪತ್ರಿಕೆಗೇ ಮಾರಾಟವಾಯಿತು. ಹಾಗಾಗಿ ಬಣ್ಣ ಬದಲಾಯಿಸಿದ್ದೇನೆ ಎಂಬ ವಾದ ಸಾಲದು ಎಂದಿತು. ಬೆಲ್ಜಿಯಮ್ಮಿನ ಹೆಸರಾಂತ ಚಿತ್ರಕಾರ ಲುಕ್ ಟಾಯ್ಮನ್ಸ್ ಕೂಡ ಒಬ್ಬ ರಾಜಕಾರಣಿಯ ಫೋಟೊ ನೋಡಿ ಬರೆದ ಚಿತ್ರಕ್ಕಾಗಿ 2015ರಲ್ಲಿ ಅಲ್ಲಿಯ ಕೋರ್ಟಿನಲ್ಲಿ ಸೋತು, ಬಳಿಕ ಆ ಫೋಟೊ ತೆಗೆದ ಕತ್ರೈನ್ ವಾನ್ ಗೀಲ್ ಅವರೊಂದಿಗೆ ರಾಜಿ ಮಾಡಿಕೊಂಡರು.

ಇವೆಲ್ಲ ಫೋಟೊ ತೆಗೆದವರ ಹಕ್ಕಿನ ಜಗಳ. ಫೋಟೊದ ಒಳಗೆ ಇರುವವರು? ಅವರನ್ನು ಕೇಳುವವರು ಇನ್ನೂ ಕಡಿಮೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮಲ್ಲಿ ಗಾದೆ ಇದೆ. ಆದರೆ ಫೋಟೊದಲ್ಲಿರುವವರು ಕೋಳಿಗಳಲ್ಲ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಹಿಡಿದ ದಾರಿಯೇ ಬೇರೆ. ಶಿಲ್ಪಕಲೆ ಕಲಿತು ಆಮೇಲೆ ಫೋಟೊಕ್ಕೆ ಬಂದವರು. 2000ದಿಂದ 2004ರ ನಡುವೆ ಕ್ಲೇರ್ ಆರ್ನಿ ಎಂಬ ಛಾಯಾಗ್ರಾಹಕಿಯೊಂದಿಗೆ ದಕ್ಷಿಣ ಭಾರತದ ಮಹಿಳೆಯರ ರೀತಿನೀತಿಗಳ ಬಗ್ಗೆ ಒಂದು ದೊಡ್ಡ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿಯಿಂದ ಹಿಡಿದು, ಹಿಂದೆ ಬ್ರಿಟಿಷರು ಆದಿವಾಸಿಗಳನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆಗಾಗಿ ತೆಗೆದಂಥ ಫೋಟೊಗಳವರೆಗೆ, ಸಿಕ್ಕ ಚಿತ್ರಗಳನ್ನೇ ಆಧಾರವಾಗಿ ಇಟ್ಟುಕೊಂಡರು. ಪೊಲೀಸರು ಹಿಡಿದ ಇಬ್ಬರು ಹೆಂಗಸರ ಪತ್ರಿಕಾ ಫೋಟೊ ಕೂಡ ಅದರಲ್ಲಿತ್ತು. ಅವುಗಳಲ್ಲಿದ್ದವರ ವೇಷವನ್ನು ತಾವೇ ತೊಟ್ಟು, ಬರೆಸಿದ ಪರದೆಗಳ ಮುಂದೆ ತಾವೇ ನಿಂತು ಹೊಸ ಫೋಟೊ ತೆಗೆಸಿಕೊಂಡರು. ಬೇರೆಯವರ ಮುಖವನ್ನು ಬಳಸುವ ಬದಲು ಆ ಜಾಗದಲ್ಲಿ ತಮ್ಮ ಮುಖ ಒಡ್ಡಿದರು. ಹಾಗೆ ನಿಲ್ಲಿಸಿ ತೆಗೆಯುವುದು ಎಂದರೆ ಏನು ಎಂದು ತಾವು ನಿಂತು ನೋಡಿದರು. ನಮ್ಮ ಬ್ಯಾಡ್ಜಿನ ಫೋಟೊಕ್ಕೆ ಬಿಳಿ ಗೋಡೆಯ ಮುಂದೆ ನಿಂತವರಿಗೆಲ್ಲ ಇದು ಅರ್ಥವಾಗುತ್ತದೆ.

ನಮ್ಮದಲ್ಲ, ಆದರೆ ನಮ್ಮ ಜವಾಬ್ದಾರಿ

ಈಗ ನನ್ನ ವೃತ್ತಿಯ ಕಡೆಗೆ ಬರುತ್ತೇನೆ. ಬ್ಯಾಂಕಿಗೆ ಹಣ ಬಂದಿದೆ, ಕಳಿಸಿದವರು ಯಾರೆಂದು ಗೊತ್ತಿಲ್ಲ. ಆಗ ಅಕೌಂಟೆಂಟ್ ಏನು ಮಾಡಬೇಕು? ಆದಾಯ ಎಂದು ಬರೆದುಕೊಂಡರೆ ಅದು ಕಳವು. ಬರೆಯದೆ ಬಿಟ್ಟರೆ ಸುಳ್ಳು ಲೆಕ್ಕ. ಅದಕ್ಕಾಗಿ ಒಂದು ಖಾತೆ ಇದೆ, ಸಸ್ಪೆನ್ಸ್ ಅಕೌಂಟ್. ಮೊತ್ತವನ್ನು ಅಲ್ಲಿ ಬರೆದಿಟ್ಟು, ಯಜಮಾನನನ್ನು ಹುಡುಕುತ್ತಾ ಇರಬೇಕು. ಪ್ರತಿ ವರ್ಷ ಆಡಿಟರ್ ಬಂದು, "ಇದು ಯಾರದ್ದು, ಹುಡುಕಿದಿರಾ?" ಎಂದು ಕೇಳುತ್ತಾನೆ.

ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದ ನಮ್ಮಜ್ಜ ಇದನ್ನು ಅನಾಮತ್ತು ಖಾತೆ ಎನ್ನುತ್ತಿದ್ದರು. "ಅನಾಮತ್ತು ಅಂದರೆ ನಮ್ಮದಲ್ಲ ಮಗಾ, ಆದರೆ ನಮ್ಮ ಜವಾಬ್ದಾರಿ" ಎಂದು ಅವರು ವಿವರಿಸಿದ್ದು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ನೆನಪಿದೆ. ಈ ಪದ ನಮಗೆ ಬಂದದ್ದು ಅರಬ್ಬಿಯಿಂದ. ಇಲ್ಲಿಯವರು ನಂಬಿ ಒಪ್ಪಿಸಿದ ವಸ್ತುವಿಗೆ 'ಅಮಾನ' ಎನ್ನುತ್ತಾರಲ್ಲ, ಅದೇ. ಇಲ್ಲಿಂದ ಹೊರಟ ಮಾತು ನಮ್ಮೂರ ಲೆಕ್ಕದ ಪುಸ್ತಕ ಸೇರಿತ್ತು. ನಾವು ಅದನ್ನು ಮತ್ತೆ ಇಲ್ಲಿಗೆ ಹೊತ್ತು ತಂದಿದ್ದೇವೆ.

ಸಿಕ್ಕ ಫೋಟೊದ ಜಾಗ ಈ ಖಾತೆಯಲ್ಲಿ ಎಂಬುದು ಇವತ್ತು ನಾನು ಹೇಳಬೇಕೆಂದು ಬಂದ ಒಂದೇ ಮಾತು. ಚಿತ್ರಕಾರ ಅದನ್ನು ನೋಡಿ ಚಿತ್ರ ಬರೆಯಬಹುದು, ಪ್ರದರ್ಶನದಲ್ಲಿ ಇಡಬಹುದು. ಎಂದಾದರೂ ಯಜಮಾನ ಬಂದಾನು ಎಂದು ಬಾಗಿಲು ತೆರೆದಿಟ್ಟು ಬರೆಯಬೇಕು ಅಷ್ಟೇ. ಮೂಲವನ್ನು ಹೆಸರಿನಲ್ಲೇ ಬರೆದ ಹೇಸ್ ಆ ಬಾಗಿಲು ತೆರೆದಿಟ್ಟರು. 400 ಕೊಟ್ಟು 10,000 ಪಡೆದು ಹೆಸರು ಬಿಟ್ಟ ಕಡೆ ಅದು ಮುಚ್ಚಿತು. ಕಾರ್ಡನ್ನು ಅಳಿಸಿದ ನಾನು ಬಾಗಿಲನ್ನು ಇಟ್ಟಿಗೆ ಇಟ್ಟು ಕಟ್ಟಿಬಿಟ್ಟೆ.

ಕಾನೂನಿನ ಮಾತು ಸಂಕ್ಷೇಪವಾಗಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವನು. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ತೆಗೆಸಿದವನದು. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವನ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಕುವೈತಿನಲ್ಲಿ ಇದಕ್ಕೆ 2019ರ 75ನೇ ಕಾನೂನು ಇದೆ. ಒಬ್ಬರಿಗೆ ತಿಳಿಯದಂತೆ ಫೋನಿನಲ್ಲಿ ಅವರ ಫೋಟೊ ತೆಗೆದು ಮಾನಕ್ಕೆ ಕುಂದು ತರುವುದಕ್ಕೆ 2014ರ 37ನೇ ಕಾನೂನಿನಲ್ಲಿ ಶಿಕ್ಷೆಯೂ ಇದೆ. ಇದನ್ನು ನೀವು ಮರೆಯಬಾರದು. ತೆಗೆದವನ ಹಕ್ಕು ಬೇರೆ, ಫೋಟೊದಲ್ಲಿರುವವನ ಮಾನ ಬೇರೆ. ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು.

ನಾವು ಮಾಡಬಹುದಾದದ್ದು

ನಾವು ಇಲ್ಲಿ ಕಳೆದ ಆಯುಷ್ಯಕ್ಕೆ ಉಳಿಯುವ ದಾಖಲೆ ಏನು? ಸಿವಿಲ್ ಐಡಿ ಅವಧಿ ಮುಗಿಯುತ್ತದೆ. ಸಂಬಳದ ಚೀಟಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಉಳಿಯುವುದು ಫೋನಿನಲ್ಲಿರುವ ಫೋಟೊ. ಫೋನು ಕೆಟ್ಟರೆ, ಮಾರಿದರೆ, ಕಳೆದರೆ ನಾವೇ ಯಾರಿಗೋ 'ಸಿಕ್ಕ ಫೋಟೊ' ಆಗುತ್ತೇವೆ. ಅದಕ್ಕಾಗಿ ನಾಲ್ಕು ಸಣ್ಣ ಪದ್ಧತಿಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಮುಖ್ಯವಾದ ಫೋಟೊಗಳಿಗೆ ಹೆಸರು ಬರೆಯಿರಿ. ಯಾರಿದ್ದಾರೆ, ಯಾರು ತೆಗೆದರು, ಎಲ್ಲಿ, ಯಾವಾಗ. ಫೋನಿನಲ್ಲೇ ವಿವರ ಸೇರಿಸಲು ಜಾಗ ಇರುತ್ತದೆ. ವರ್ಷಕ್ಕೆ ಹತ್ತು ಫೋಟೊವನ್ನಾದರೂ ಪ್ರಿಂಟ್ ಹಾಕಿಸಿ ಹಿಂದೆ ಪೆನ್ನಿನಲ್ಲಿ ಬರೆದು ಊರಿಗೆ ಕಳಿಸಿ.

ಎರಡನೆಯದು, ವಾಟ್ಸ್‌ಆ್ಯಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗೆ ಅಡಗಿದ ತಾರೀಕು, ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಉಳಿಸಬೇಕಾದದ್ದನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ಮೂರನೆಯದು, ನಮ್ಮ ಸಂಘದಲ್ಲಿ ಒಂದು ಅನಾಮತ್ತು ಪುಸ್ತಕ ಇರಲಿ. ಊರಿಗೆ ಮರಳುವವರು, ಕ್ಯಾಂಪ್ ಬದಲಿಸುವವರು ತಮ್ಮ ಜೊತೆಗಾರರ ಫೋಟೊಗಳನ್ನು ಕೇಳಿ, ಒಪ್ಪಿಗೆ ಪಡೆದು ಇಲ್ಲಿ ಒಪ್ಪಿಸಲಿ. ಕಂಪನಿಯ ಯಂತ್ರದಲ್ಲಿದ್ದರೆ ಕಂಪನಿಯ ಅನುಮತಿ ಬೇಕು. ಅದನ್ನು ಕೇಳಲು ನಾನೇ ಪತ್ರ ಬರೆದುಕೊಡುತ್ತೇನೆ. ಗುರುತು ಸಿಗದವು ಗುರುತು ಸಿಗುವ ತನಕ ಅಲ್ಲಿ ಇರಲಿ.

ನಾಲ್ಕನೆಯದು, ನಮ್ಮಲ್ಲಿ ಚಿತ್ರ ಬರೆಯುವವರಿದ್ದಾರೆ. ಪೇಂಟಿಂಗ್ ಕೆಲಸಕ್ಕೆಂದು ಬಂದು ರಾತ್ರಿ ಕ್ಯಾಂಪಿನಲ್ಲಿ ಕಾಗದದ ಮೇಲೆ ಮುಖ ಬರೆಯುವ ಇಬ್ಬರನ್ನು ನಾನೇ ಬಲ್ಲೆ. ಮುಂದಿನ ವರ್ಷದ ಸಮಾವೇಶಕ್ಕೆ ಆ ಪುಸ್ತಕದ ಫೋಟೊಗಳನ್ನು ನೋಡಿ ಅವರು ಚಿತ್ರ ಬರೆಯಲಿ. ಪ್ರತಿ ಚಿತ್ರದ ಕೆಳಗೆ ಮೂಲ ಯಾರದು ಎಂದು ಇರಲಿ. ಗೊತ್ತಿಲ್ಲದಿದ್ದರೆ 'ಅನಾಮತ್ತು' ಎಂದು ಇರಲಿ. ಯಾರಾದರೂ ಬಂದು "ಇದು ನಮ್ಮಣ್ಣ" ಎಂದರೆ ಚಿತ್ರ ಅವರ ಮನೆಗೆ ಹೋಗಲಿ; "ಇದು ಬೇಡ, ಇಳಿಸಿ" ಎಂದರೆ ಇಳಿಸೋಣ.

ಕೊನೆಗೆ ಕೊಪ್ಪಳದ ಆ ಹೆಣ್ಣುಮಗಳಿಗೆ ನಾನು ಏನು ಉತ್ತರ ಬರೆದೆ ಎಂದು ಹೇಳಿಬಿಡುತ್ತೇನೆ. 'ಏನೂ ಸಿಗಲಿಲ್ಲ' ಎಂದು ಬರೆಯಬಹುದಿತ್ತು. ಒಂದು ವಾರ ಒದ್ದಾಡಿ ನಿಜವನ್ನೇ ಬರೆದೆ. ಒಂದು ಕಾರ್ಡ್ ಇತ್ತು, ಅದರಲ್ಲಿ ನಿಮ್ಮ ಯಜಮಾನರು ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಅಳಿಸಿದವನು ನಾನು ಎಂದು. ನಾಲ್ಕು ದಿನ ಉತ್ತರ ಬರಲಿಲ್ಲ. ಐದನೆಯ ದಿನ ಬಂತು. "ಅವರು ಎಲ್ಲಿ ನಿಂತು ಕೆಲಸ ಮಾಡ್ತಿದ್ರು, ಆ ಜಾಗದ್ದಾದರೂ ಒಂದು ಕಳಸ್ರಿ ಸರ್. ಮಗ ಕೇಳ್ತಾನ."

ಶುಐಬಾದಲ್ಲಿ ಕಂಡಕಂಡಲ್ಲಿ ಫೋಟೊ ತೆಗೆಯುವಂತಿಲ್ಲ, ನಿಮಗೆಲ್ಲ ಗೊತ್ತು. ಕಂಪನಿಯ ಅನುಮತಿ ಪಡೆದು, ಸ್ಥಾವರ ಕಾಣದ ಹಾಗೆ, ಯಾರ್ಡಿನ ಬೇಲಿಯ ಒಂದು ಫೋಟೊ ತೆಗೆದೆ. ಪ್ರಿಂಟ್ ಹಾಕಿಸಿ ಹಿಂದೆ ತಾರೀಕು, ಜಾಗ, ತೆಗೆದವನ ಹೆಸರು ಬರೆದೆ. ಊರಿಗೆ ಹೋಗುವ ಒಬ್ಬರ ಕೈಯಲ್ಲಿ ಕಳಿಸಿಕೊಟ್ಟೆ. ನನ್ನ ಖಾತೆ ಅದರಿಂದ ಚುಕ್ತಾ ಆಗಲಿಲ್ಲ, ಈ ವರ್ಷದ ಲೆಕ್ಕಕ್ಕೂ ಬಾಕಿ ಮುಂದುವರಿದಿದೆ. ಅದರಲ್ಲಿ ಸ್ವಲ್ಪವನ್ನಾದರೂ ನೀವು ನನ್ನ ಜೊತೆ ಹೊತ್ತುಕೊಳ್ಳುತ್ತೀರಿ ಎಂಬ ನಂಬಿಕೆಯಿಂದ ಇಷ್ಟು ಹೊತ್ತು ಮಾತಾಡಿದೆ.

ಊಟಕ್ಕೆ ಹೋಗುವ ಮುಂಚೆ ಒಂದು ಗುಂಪಿನ ಫೋಟೊ ಇದೆಯಂತೆ. ದಯವಿಟ್ಟು ಎಲ್ಲರೂ ನಿಲ್ಲಿ, ಮತ್ತು ನಿಂತ ಸಾಲಿನ ಕ್ರಮದಲ್ಲಿ ಹೆಸರು ಬರೆಸಿ ಹೋಗಿ. ಬರೆದುಕೊಳ್ಳಲು ನಾನು ಬಾಗಿಲ ಬಳಿ ಕೂತಿರುತ್ತೇನೆ.